ಸಹಾಯ ಬೇಕು: ಹೊರಗೆ ಮನೆಮಾತು ಆಡಲು ಅಂಜುವ ಮಗಳ ಬಗ್ಗೆ

ಗುಂಪಿನ ಹಿರಿಯರಿಗೂ ಸ್ನೇಹಿತರಿಗೂ ನಮಸ್ಕಾರ. ನನ್ನ ಅಜ್ಜ ರಬ್ಬರ್ ಕೃಷಿಗೆಂದು ಕೇರಳದಿಂದ ನರಸಿಂಹರಾಜಪುರದ ಕಡೆಗೆ ಬಂದು ನೆಲೆಸಿದವರು. ಈಗ ಶಿವಮೊಗ್ಗದಲ್ಲಿರುವ ನಾವು ಮನೆಯೊಳಗೆ ಮಲಯಾಳವನ್ನೂ ಹೊರಗೆ ಕನ್ನಡವನ್ನೂ ಆಡುತ್ತೇವೆ, ಕನ್ನಡವನ್ನು ನಾನು ಎಂದೂ ಪರಭಾಷೆಯೆಂದು ಎಣಿಸಿದವಳಲ್ಲ. ಕಳೆದ ತಿಂಗಳು ತೀರ್ಥಹಳ್ಳಿಯ ಬಸ್ಸಿನಲ್ಲಿ ಎಂಟು ವರ್ಷದ ಮಗಳೊಂದಿಗೆ ಮಲಯಾಳದಲ್ಲಿ ಮಾತನಾಡುತ್ತಿದ್ದಾಗ ಹಿಂದಿನ ಸೀಟಿನವರೊಬ್ಬರು, ‘ಇಲ್ಲಿ ಇರೋದಾದ್ರೆ ಕನ್ನಡದಲ್ಲಿ ಮಾತಾಡಿ’ ಎಂದು ಗದರಿದರು. ನಾನು ಕನ್ನಡದಲ್ಲೇ ಉತ್ತರಿಸಿದೆ, ಅವರು ಸುಮ್ಮನಾದರು. ಆದರೆ ಅಂದಿನಿಂದ ಮಗಳು ಹೊಸ್ತಿಲು ದಾಟಿದೊಡನೆ ‘ಅಮ್ಮ, ಮೆಲ್ಲಗೆ’ ಎನ್ನುತ್ತಾಳೆ, ಅಂಗಡಿಯಲ್ಲಿ ಅವಳ ಅಜ್ಜಿ ಕರೆದರೂ ಓಗೊಡುವುದಿಲ್ಲ. ಅಜ್ಜಿಗೆ ಕನ್ನಡ ಅರ್ಥವಾಗುತ್ತದೆ, ಆಡಲು ತೊಡಕು. ನನಗೆ ಹೆಚ್ಚು ನೋವಾಗಿರುವುದು ಇದರಿಂದಲೇ.

ತನ್ನದೇ ಭಾಷೆಯುಳ್ಳ ಯಾವುದೇ ಜನವರ್ಗಕ್ಕೆ ಅದನ್ನು ಉಳಿಸಿಕೊಳ್ಳುವ ಹಕ್ಕನ್ನು ಸಂವಿಧಾನದ 29ನೇ ವಿಧಿ ಕೊಟ್ಟಿದೆ. ಆದರೆ ವಿಧಿಯನ್ನು ಓದಿ ಹೇಳಿದ ಮಾತ್ರಕ್ಕೆ ಮಗುವಿನ ಅಂಜಿಕೆ ಹೋಗದು. ಮತ್ತೂರು, ಹೊಸಹಳ್ಳಿಗಳ ಸಂಕೇತಿ ಮನೆಗಳವರು, ಕೊಂಕಣಿ, ತುಳು, ಉರ್ದು ಮನೆಮಾತಿನವರು ಈ ಗುಂಪಿನಲ್ಲಿದ್ದೀರಿ. ನಿಮ್ಮ ಮಕ್ಕಳು ಎರಡು ಮಾತುಗಳನ್ನೂ ಸಂಕೋಚವಿಲ್ಲದೆ ಆಡುವಂತೆ ಹೇಗೆ ಬೆಳೆಸಿದಿರಿ? ಯಾರಾದರೂ ಹೀಗೆ ಗದರಿದಾಗ ಮಗುವಿನ ಎದುರು ಏನು ಹೇಳಿದಿರಿ? ಶಾಲೆಯ ಶಿಕ್ಷಕಿಗೆ ತಿಳಿಸುವುದು ಒಳ್ಳೆಯದೇ? ಅನುಭವವಿದ್ದವರು ದಯವಿಟ್ಟು ಬರೆಯಿರಿ.