ಅಪ್‌ಡೇಟ್: ಮಗನ ಫುಟಿ ಟ್ರಯಲ್ ಏನಾಯ್ತು

ಹೋದ ತಿಂಗಳು ಕೇಳಿದ್ದೆ: ಸಿಡ್ನಿಯಲ್ಲಿ ಫುಟಿ, ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್, ಆಡುವ ನನ್ನ 13 ವರ್ಷದ ಮಗ ಅಕಾಡೆಮಿಗೆ ಸೇರಿದ್ದಾನೆ, ಹಾಗಾದರೆ ಮುಂದೆ ಎಎಫ್ಎಲ್ (ಈ ಆಟದ ಅತಿ ದೊಡ್ಡ ಲೀಗ್) ಕ್ಲಬ್ ಗ್ಯಾರಂಟಿನಾ ಅಂತ. ಇಲ್ಲ ಅಂದವರೇ ಜಾಸ್ತಿ. ನೀವೇ ಸರಿ.

ಸಿಡ್ನಿ ಸ್ವಾನ್ಸ್, ಜೈಂಟ್ಸ್, ಬ್ರಿಸ್ಬೇನ್ ಲಯನ್ಸ್, ಗೋಲ್ಡ್ ಕೋಸ್ಟ್ ಸನ್ಸ್, ಈ ನಾಲ್ಕು ಕ್ಲಬ್‌ಗಳ ಅಕಾಡೆಮಿಗಳು ರಗ್ಬಿಯೇ ಜಾಸ್ತಿ ನಡೆಯುವ ಪ್ರದೇಶದ ಹುಡುಗರನ್ನು ಈ ಆಟಕ್ಕೆ ಎಳೆಯೋಕೆ ಇರುವಂಥವು. ಅಲ್ಲಿ ಬೆಳೆದ ಹುಡುಗನಿಗೆ ಡ್ರಾಫ್ಟ್‌ನಲ್ಲಿ (ಕ್ಲಬ್‌ಗಳು ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸುವ ಪದ್ಧತಿ) ಬೇರೆ ಕ್ಲಬ್ ಬಿಡ್ ಮಾಡಿದರೆ, ಅಂದರೆ ಅವನು ನಮಗೆ ಬೇಕು ಅಂದರೆ, ಅವನ ಕ್ಲಬ್ ತನ್ನ ಸರದಿಗಳಿಗಿರುವ ಡ್ರಾಫ್ಟ್ ಪಾಯಿಂಟ್ಸ್ ಕೊಟ್ಟು ಅವನನ್ನು ಉಳಿಸಿಕೊಳ್ಳಬಹುದು. ಆಟಗಾರ ಐಸಾಕ್ ಹೀನಿ 2014ರ ಡ್ರಾಫ್ಟ್‌ನಲ್ಲಿ ಸ್ವಾನ್ಸ್ ಅಕಾಡೆಮಿಯಿಂದಲೇ ಸ್ವಾನ್ಸ್‌ಗೆ ಬಂದಿದ್ದು. ಆದರೆ ಅಂಥವರು ಬೆರಳೆಣಿಕೆ. ಅಕಾಡೆಮಿ ಜೆರ್ಸಿ ಹಾಕಿದ ಮಕ್ಕಳು ನೂರಾರು.

ಇನ್ನು ರೆಪ್ ಟೀಮ್ (ಆರಿಸಿದ ಹುಡುಗರ ಪ್ರಾತಿನಿಧಿಕ ತಂಡ) ಟ್ರಯಲ್. ಬೆಳಗ್ಗೆ ಏಳಕ್ಕೆ, ಹುಲ್ಲೆಲ್ಲ ಒದ್ದೆ. ಬಿಬ್ ನಂಬರ್ 41. ಬಲಗಾಲಲ್ಲಿ ಒದೆತ ಚೆನ್ನಾಗಿತ್ತು. ಎಡಗಾಲಿಗೆ ಬಂದಾಗ ಚೆಂಡು ಪಲ್ಟಿ ಹೊಡೆದು ಬೇಲಿ ದಾಟಿತು! ಕೋಚ್ ಏನೋ ಬರೆದುಕೊಂಡರು. ಆಗಲೇ ಗೊತ್ತಾಯ್ತು.

ಲಿಸ್ಟ್‌ನಲ್ಲಿ ಹೆಸರಿರಲಿಲ್ಲ. ಕಾರಣ ಕೇಳಿದ್ದಕ್ಕೆ "ಎಡಗಾಲು" ಅಂತ ಒಂದೇ ಮಾತು. ನನಗೆ ಸಿಟ್ಟು ಬಂತು, ಮಗನಿಗೆ ಬರಲಿಲ್ಲ. ಈಗ ದಿನಾ ಸಂಜೆ ಗ್ಯಾರೇಜ್ ಗೋಡೆಗೆ ಎಡಗಾಲಲ್ಲೇ ಒದೀತಾನೆ. ಪಕ್ಕದ ಮನೆಯವರು ಇನ್ನೂ ಏನೂ ಹೇಳಿಲ್ಲ, ಪುಣ್ಯ.