ಪದಚರ್ಚೆ: ಅತಿಥಿ ಕೈಯಲ್ಲಿ ಹಿಡಿದು ಬರುವ ತಿನಿಸಿಗೆ ಕನ್ನಡದಲ್ಲಿ ಏನನ್ನಬೇಕು?

ಬಳಗದ ಎಲ್ಲರಿಗೂ ನಮಸ್ಕಾರ.

ರಷ್ಯನ್ನರ ಹಬ್ಬದಡುಗೆಯ ಬಗೆಗಿನ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುವ ಪದ ‘ಗೊಸ್ತೀನೆತ್ಸ್’. ‘ಗೊಸ್ತ್’ ಎಂದರೆ ಅತಿಥಿ. ಹಿಂದಿನ ಕಾಲದಲ್ಲಿ ದೂರದೂರುಗಳಿಂದ ಬರುವ ವರ್ತಕನಿಗೂ ಅದೇ ಹೆಸರಿತ್ತು. ಯಾರದೋ ಮನೆಗೆ ಹೋಗುವಾಗ ಅಲ್ಲಿನವರಿಗೆಂದು, ಅದರಲ್ಲೂ ಮಕ್ಕಳಿಗೆಂದು, ಒಯ್ಯುವ ತಿನಿಸು ಗೊಸ್ತೀನೆತ್ಸ್. ಸಂತೆಯಿಂದ ಮರಳುವ ಅಪ್ಪ ತರುವುದೂ ಅದೇ.

‘ಉಡುಗೊರೆ’ ಎಂದರೆ ತಿನಿಸು ಮರೆಯಾಗಿ ವಸ್ತು ಮುಂದೆ ಬರುತ್ತದೆ. ‘ಕಾಣಿಕೆ’ ದೇವರಿಗೋ ದೊಡ್ಡವರಿಗೋ ಸಲ್ಲುವಂಥದ್ದು. ‘ಬುತ್ತಿ’ ದಾರಿಯಲ್ಲಿ ನಾವೇ ಉಣ್ಣಲು ಕಟ್ಟಿಕೊಂಡದ್ದು. ‘ಬಾಗಿನ’ಕ್ಕೆ ಅದರದೇ ಆದ ವ್ರತವಿಧಿಗಳಿವೆ. ಬರಿಗೈಯಲ್ಲಿ ಹೋಗಬಾರದು ಎಂದು ನಾವೆಲ್ಲ ಹೇಳುತ್ತೇವೆ; ಆದರೆ ಆ ಕೈಯಲ್ಲಿ ಇರಬೇಕಾದದ್ದಕ್ಕೆ ನನಗೆ ಒಂದೇ ಪದ ಸಿಗುತ್ತಿಲ್ಲ.

ತಿನಿಸುಗಳ ಹೆಸರುಗಳನ್ನು ಮಾತ್ರ ಇದ್ದಂತೆಯೇ ಉಳಿಸಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ‘ಪಿರೋಗ್’ ಅನ್ನು ಕಡುಬು ಎಂದರೆ ನಮ್ಮ ಓದುಗರ ಕಣ್ಣಿಗೆ ಹಬೆಯೋ ಎಣ್ಣೆಯ ಬಾಣಲೆಯೋ ಬರುತ್ತದೆ. ಪಿರೋಗ್ ಎಲೆಕೋಸು, ಮೀನು, ಅಣಬೆ ಅಥವಾ ಸೇಬಿನ ಹೂರಣ ತುಂಬಿ ಒಲೆಯೊಳಗಿನ ಕಾವಿನಲ್ಲಿ ಬೇಯುವಂಥದ್ದು. ಔತಣ ಎಂಬ ಅರ್ಥದ ‘ಪಿರ್’ ಪದದಿಂದ ಅದು ಬಂದಿದೆ ಎನ್ನುತ್ತಾರೆ. ಅಂಗೈಯಲ್ಲಿ ಹಿಡಿಸುವ ಚಿಕ್ಕದಾದರೆ ‘ಪಿರೊಝೋಕ್’.

ಈಸ್ಟರಿನ ‘ಕುಲೀಚ್’ ಮತ್ತು ‘ಪಾಸ್ಖಾ’ಗಳನ್ನಂತೂ ಬೆರೆಸಲೇಬಾರದು. ಕುಲೀಚ್ ಯೀಸ್ಟ್ ಹಾಕಿದ, ಮೊಟ್ಟೆ, ಬೆಣ್ಣೆ, ಒಣದ್ರಾಕ್ಷಿ ಧಾರಾಳವಾಗಿ ಬಿದ್ದ ಹಿಟ್ಟನ್ನು ಎತ್ತರದ ಡಬ್ಬಿಯಲ್ಲಿ ಉಬ್ಬಿಸಿ ಬೇಯಿಸಿದ ರೊಟ್ಟಿ. ಹಲವು ಮನೆಗಳಲ್ಲಿ ಅದಕ್ಕೆ ಕೇಸರಿ, ಏಲಕ್ಕಿಯನ್ನೂ ಹಾಕುತ್ತಾರೆ. ತಲೆಯ ಮೇಲೆ ಬಿಳಿ ಸಕ್ಕರೆಯ ಲೇಪ, ಅದರ ಮೇಲೆ ಬಣ್ಣದ ಕಾಳು. ಹಬ್ಬದ ಹಿಂದಿನ ಗುರುವಾರ ಬೇಯಿಸಿ, ಶನಿವಾರ ಚರ್ಚಿನಲ್ಲಿ ಮಂತ್ರಿಸಿಕೊಂಡು ಬಂದು, ಭಾನುವಾರ ಉಪವಾಸ ಮುರಿದ ಮೇಲೆ ಬಂಧುಗಳ ಮನೆಗೆ ಬಣ್ಣದ ಮೊಟ್ಟೆಗಳೊಂದಿಗೆ ಒಯ್ಯುತ್ತಾರೆ. ಸೋವಿಯತ್ ಕಾಲದಲ್ಲಿ ಇದೇ ಬಗೆಯ ರೊಟ್ಟಿ ಅಂಗಡಿಗಳಲ್ಲಿ ‘ವಸಂತದ ಕೇಕ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಪಾಸ್ಖಾ ರೊಟ್ಟಿಯಲ್ಲ, ಒಲೆಯೊಳಗಿನ ಕಾವಿನಲ್ಲಿ ಬೇಯುವಂಥದ್ದೂ ಅಲ್ಲ: ‘ತ್ವೊರೊಗ್’ ಎಂಬ ಒಡೆದ ಹಾಲಿನ ಗಿಣ್ಣನ್ನು ಮರದ ಅಚ್ಚಿನಲ್ಲಿ ಒತ್ತಿ, ನೀರು ಬಸಿದು, ತುದಿ ಕತ್ತರಿಸಿದ ಪಿರಮಿಡ್ಡಿನಂತೆ ಮಾಡುತ್ತಾರೆ. ತೊಡಕೆಂದರೆ, ದಕ್ಷಿಣ ರಷ್ಯಾದಲ್ಲೂ ಉಕ್ರೇನಿನಲ್ಲೂ ರೊಟ್ಟಿಯನ್ನೇ ‘ಪಾಸ್ಕಾ’ ಎನ್ನುತ್ತಾರೆ. ಹೀಗಾಗಿ ಅನುವಾದಕರು ಕಥೆ ಎಲ್ಲಿ ನಡೆಯುತ್ತಿದೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಎರಡು ಕಡೆ ಕನ್ನಡವೇ ಕೈಹಿಡಿಯಿತು. ತಮಗೆ ಯಾವ ಸಂತನ ಹೆಸರಿಟ್ಟಿದೆಯೋ ಆ ಸಂತನ ಹಬ್ಬದ ದಿನ ಪಿರೋಗ್‌ಗಳನ್ನು ನೆಂಟರ ಮನೆಮನೆಗೆ ಕಳುಹಿಸುವ ಹಳೆಯ ಪದ್ಧತಿಯೊಂದಿದೆ. ಅದಕ್ಕೆ ‘ಬೀರುವುದು’ ಎಂದು ಬರೆದೆ. ಸಂಕ್ರಾಂತಿಗೆ ಎಳ್ಳು ಬೀರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ‘ಪ್ರ್ಯಾನಿಕ್’. ಜೇನು, ಸಾಂಬಾರ ಪದಾರ್ಥ ಹಾಕಿ ಕೆತ್ತನೆಯ ಹಲಗೆಯ ಅಚ್ಚೊತ್ತಿದ ಈ ಬಿಲ್ಲೆಗೆ ತುಲಾ ಪಟ್ಟಣ ಹೆಸರುವಾಸಿ. ಅಲ್ಲಿನ ದಾಖಲೆಯಲ್ಲಿ 1685ರಲ್ಲೇ ಇದರ ಉಲ್ಲೇಖವಿದೆ. ಔತಣದ ಕೊನೆಗೆ ಹಂಚುತ್ತಿದ್ದ ಪ್ರ್ಯಾನಿಕ್‌ಗೆ ‘ಚದುರಿಸುವ ಪ್ರ್ಯಾನಿಕ್’ ಎಂದೇ ಹೆಸರು. ಅದು ಕೈಗೆ ಬಂದರೆ ಅತಿಥಿಗಳು ಹೊರಡುವ ಹೊತ್ತಾಯಿತು ಎಂದರ್ಥ. ನಮ್ಮಲ್ಲಿ ತಾಂಬೂಲ ಮಾಡುವ ಕೆಲಸ ಇದು, ಆದ್ದರಿಂದ ‘ಬೀಳ್ಕೊಡುಗೆಯ ಪ್ರ್ಯಾನಿಕ್’ ಎಂದಿದ್ದೇನೆ. ‘ತಾಂಬೂಲದ ಪ್ರ್ಯಾನಿಕ್’ ಎಂದರೆ ಅತಿಯಾಗುತ್ತದೆಯೇ?

ಮುಖ್ಯ ಪ್ರಶ್ನೆ ಗೊಸ್ತೀನೆತ್ಸ್‌ನದು. ಹೊಸ ಪದ ಕಟ್ಟಿಕೊಡಿ ಎಂದು ಕೇಳುತ್ತಿಲ್ಲ. ಧಾರವಾಡ, ಕಲಬುರಗಿ, ಮಲೆನಾಡು, ಕರಾವಳಿ, ಹಳೇ ಮೈಸೂರು, ಎಲ್ಲಿಯಾದರೂ ಸರಿ: ಬಂದವರು ಮಕ್ಕಳ ಕೈಗಿಡುವ ತಿಂಡಿಗೆ ನಿಮ್ಮ ಮನೆಯ ಹಿರಿಯರು ಬಳಸುವ ಪದವಿದ್ದರೆ, ಅದನ್ನು ಬಳಸುವ ಒಂದು ವಾಕ್ಯದೊಂದಿಗೆ ದಯವಿಟ್ಟು ಬರೆಯಿರಿ.