‘ಹಿನ್ನೆಲೆಯನ್ನು ಪಾರದರ್ಶಕಗೊಳಿಸು’: ಚಿತ್ರ ತಿದ್ದುವ ತಂತ್ರಾಂಶದ ಕನ್ನಡದಲ್ಲಿ ಈ ಪ್ರಯೋಗ ಎಷ್ಟು ಸರಿ?

ಮಾನ್ಯರೇ,

ಛಾಯಾಚಿತ್ರಗಳನ್ನು ತಿದ್ದುವ ತಂತ್ರಾಂಶಗಳ ಬಳಕೆಯನ್ನು ವಿವರಿಸುವ ಒಂದು ಸಣ್ಣ ಕನ್ನಡ ಕೈಪಿಡಿಯನ್ನು ಉಡುಪಿಯ ನಮ್ಮ ಯುವಕ ಮಂಡಲದ ಹುಡುಗ ಹುಡುಗಿಯರಿಗಾಗಿ ಸಿದ್ಧಪಡಿಸುತ್ತಿದ್ದೇನೆ. ಜಾತ್ರೆ, ಬಯಲಾಟ, ವಾರ್ಷಿಕೋತ್ಸವಗಳ ಆಮಂತ್ರಣ ಪತ್ರಿಕೆಗಳನ್ನೂ ಫ್ಲೆಕ್ಸ್‌ಗಳನ್ನೂ ಈಗ ಅವರೇ ವಿನ್ಯಾಸ ಮಾಡುತ್ತಾರೆ. ವೇಷಧಾರಿಯೊಬ್ಬರ ಚಿತ್ರದಿಂದ ಹಿಂದಿನ ಗೋಡೆಯನ್ನೋ ಪರದೆಯನ್ನೋ ಇಲ್ಲವಾಗಿಸಿ, ಉಳಿದ ಆಕೃತಿಯನ್ನು ಬೇರೊಂದು ಬಣ್ಣದ ಮೇಲೆ ಕೂರಿಸುವುದು ಅವರು ಮೊದಲು ಕಲಿಯಬಯಸುವ ಕೆಲಸ. ಕನ್ನಡದಲ್ಲಿ ಬರೆದ ಸೂಚನೆಗಳಲ್ಲಿ ಇದಕ್ಕೆ ‘ಹಿನ್ನೆಲೆಯನ್ನು ಪಾರದರ್ಶಕಗೊಳಿಸಿ’ ಎಂಬ ವಾಕ್ಯವೇ ಕಾಣುತ್ತದೆ. ನೋಡಲು ಸರಳವಾಗಿರುವ ಈ ವಾಕ್ಯ, ಕಲಿಸಲು ಹೊರಟಾಗ ಹಲವು ಕಡೆ ತೊಡಕುತ್ತದೆ. ಆ ತೊಡಕುಗಳನ್ನು ಬಲ್ಲವರ ಮುಂದಿಡುತ್ತಿದ್ದೇನೆ.

‘ಪಾರದರ್ಶಕ’ದಿಂದಲೇ ತೊಡಗುತ್ತೇನೆ. ಪಾರವೆಂದರೆ ಆಚೆಯ ದಡ, ದರ್ಶಕವೆಂದರೆ ತೋರಿಸುವಂಥದ್ದು. ಮಾರ್ಗದರ್ಶಕರು ದಾರಿಯನ್ನು ತೋರಿಸುವಂತೆ ಪಾರದರ್ಶಕ ವಸ್ತು ತನ್ನ ಆಚೆಗಿರುವುದನ್ನು ತೋರಿಸುತ್ತದೆ. ಆಡಳಿತದ ಕನ್ನಡದಲ್ಲಿ ಈ ಪದ ಮುಚ್ಚುಮರೆಯಿಲ್ಲದ ವ್ಯವಹಾರವೆಂಬ ಅರ್ಥದಲ್ಲಿ ನೆಲೆಯೂರಿದೆ. ಸಾರ್ವಜನಿಕ ಸಂಗ್ರಹಣೆಗಳ ಕುರಿತಾದ 1999ರ ರಾಜ್ಯ ಕಾನೂನಿನ ಹೆಸರಿನಲ್ಲೇ ‘ಪಾರದರ್ಶಕತೆ’ ಇದೆ. ಈ ಅರ್ಥವಿಸ್ತಾರ ನಮಗೆ ಅಡ್ಡಿಯಲ್ಲ, ಸಂದರ್ಭವೇ ಎರಡನ್ನೂ ಬೇರ್ಪಡಿಸುತ್ತದೆ. ನನ್ನ ಪ್ರಶ್ನೆ ಮೂಲಾರ್ಥದ ಕುರಿತಾದದ್ದು. ಗಾಜು ಪಾರದರ್ಶಕ ಎನ್ನುವಾಗ ಗಾಜು ಅಲ್ಲಿದೆ, ಆದರೆ ನೋಟವನ್ನು ತಡೆಯುತ್ತಿಲ್ಲ ಎಂದು ಅರ್ಥ. ಚಿತ್ರದಲ್ಲಿ ಗೋಡೆಯನ್ನು ತೆಗೆದ ಮೇಲೆ ಅಲ್ಲಿ ಪಾರದರ್ಶಕವಾದ ಏನೋ ಒಂದು ಉಳಿದಿರುತ್ತದೆಯೇ, ಅಥವಾ ಏನೂ ಇರುವುದಿಲ್ಲವೇ?

ಗಣಕದೊಳಗಿನ ವ್ಯವಸ್ಥೆಯನ್ನು ಗಮನಿಸಿದರೆ ಎರಡು ಉತ್ತರಗಳಿಗೂ ಆಧಾರ ಸಿಗುತ್ತದೆ. ಚಿತ್ರವನ್ನು ಮೂಡಿಸುವ ಪುಟ್ಟ ಚುಕ್ಕೆಯಾದ ಪ್ರತಿಯೊಂದು ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳಿರುತ್ತವೆ. ಅವುಗಳ ಜೊತೆಗೆ ಆಲ್ಫಾ ಎಂಬ ನಾಲ್ಕನೆಯ ಸಂಖ್ಯೆಯನ್ನು ಸೇರಿಸಿದವರು 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್‌ಮಲ್. ಎರಡು ಚಿತ್ರಗಳನ್ನು ಬೆರೆಸುವ ಸೂತ್ರದಲ್ಲಿ ಬೆರಕೆಯ ಪ್ರಮಾಣವನ್ನು ಸೂಚಿಸುತ್ತಿದ್ದ ಗ್ರೀಕ್ ಅಕ್ಷರವೇ ಅದರ ಹೆಸರಾಯಿತು. ಸಾಮಾನ್ಯ ಚಿತ್ರಗಳಲ್ಲಿ ಆಲ್ಫಾ 0ಯಿಂದ 255ರವರೆಗೆ ಇರುತ್ತದೆ. 255 ಇದ್ದಲ್ಲಿ ಕೆಳಗಿನದೇನೂ ಕಾಣದು, 0 ಇದ್ದಲ್ಲಿ ಕೆಳಗಿನದು ಮಾತ್ರ ಕಾಣುತ್ತದೆ. ಗಮನಿಸಬೇಕಾದದ್ದೇನೆಂದರೆ, ಆಲ್ಫಾ 0 ಆದ ಮಾತ್ರಕ್ಕೆ ಉಳಿದ ಮೂರು ಸಂಖ್ಯೆಗಳು ಅಳಿಸಿಹೋಗಬೇಕೆಂದಿಲ್ಲ. ಪಿಎನ್‌ಜಿ ಎಂಬ ಬಗೆಯ ಚಿತ್ರದ ಕಡತದಲ್ಲಿ ಗೋಡೆಯ ಬಣ್ಣ ಹಾಗೆಯೇ ಉಳಿದು, ಕಣ್ಣಿಗೆ ಮಾತ್ರ ಬೀಳದೆ ಇರಬಹುದು. ಪಾರದರ್ಶಕ ಪಿಕ್ಸೆಲ್‌ಗಳ ಬಣ್ಣವನ್ನು ಉಳಿಸಬೇಕೇ ಎಂದು ಗಿಂಪ್ ತಂತ್ರಾಂಶ ಕಡತವನ್ನು ಹೊರತರುವ ಹೊತ್ತಿಗೆ ಒಂದು ಆಯ್ಕೆಯನ್ನೇ ಮುಂದಿಡುತ್ತದೆ. ಇಲ್ಲಿ ಗೋಡೆ ನಿಜವಾಗಿಯೂ ಗಾಜಾಗಿದೆ. ಆದರೆ 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ವಿವರಿಸಿದ ಕ್ರಮದಲ್ಲಿ ಬಣ್ಣದ ಸಂಖ್ಯೆಗಳನ್ನು ಮೊದಲೇ ಆಲ್ಫಾದಿಂದ ಗುಣಿಸಿ ಇಡುವುದರಿಂದ, ಆಲ್ಫಾ ಸೊನ್ನೆಯಾದರೆ ಬಣ್ಣವೂ ಸೊನ್ನೆಯಾಗುತ್ತದೆ. ಅಲ್ಲಿ ಉಳಿಯುವುದು ಶೂನ್ಯವೇ ಹೊರತು ಗಾಜಲ್ಲ. ಹೀಗಿರುವುದರಿಂದ ಫಲಿತಾಂಶವನ್ನು ಬಣ್ಣಿಸುವ ವಿಶೇಷಣವಾಗಿ ‘ಪಾರದರ್ಶಕ ಹಿನ್ನೆಲೆ’ ಎನ್ನುವುದನ್ನು ನಾನು ಒಪ್ಪುತ್ತೇನೆ. ನೋಡುವವರ ಅನುಭವವನ್ನು, ಅಂದರೆ ಆಚೆಯದು ಕಾಣುತ್ತದೆ ಎಂಬುದನ್ನು, ಅದು ಸರಿಯಾಗಿ ಹೇಳುತ್ತದೆ.

ಬದಲಿಗೆ ಸೂಚಿತವಾದ ಕೆಲವು ಪದಗಳು ಇದಕ್ಕಿಂತ ಹೆಚ್ಚು ಗೊಂದಲ ತರುತ್ತವೆ. ‘ತಿಳಿ ಹಿನ್ನೆಲೆ’ ಎಂದರೆ ತಿಳಿನೀರಿನ ನೆನಪಿಗಿಂತ ಮೊದಲು ತಿಳಿಬಣ್ಣದ ನೆನಪು ಬರುತ್ತದೆ. ‘ಖಾಲಿ ಹಿನ್ನೆಲೆ’ ಎಂದರೆ ಹೆಚ್ಚಿನವರು ಬಿಳಿಯ ಹಿನ್ನೆಲೆ ಎಂದೇ ತಿಳಿಯುತ್ತಾರೆ. ನಮ್ಮ ಭಾಗದಲ್ಲಿ ಇದಕ್ಕೆ ಗಟ್ಟಿಯಾದ ಕಾರಣವೂ ಇದೆ. 1841ರಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಆರಂಭವಾದ, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಟ ನೆಲವಿದು; ಮುದ್ರಣದ ಮಾತು ಇಲ್ಲಿಯವರ ಬಾಯಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಮುದ್ರಣದಲ್ಲಿ ಬಿಳಿ ಎಂದರೆ ಶಾಯಿ ಬೀಳದ ಜಾಗ. ಬಯಲಾಟದ ಕರಪತ್ರವನ್ನು ಹಳದಿಯದೋ ಗುಲಾಬಿಯದೋ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಅಚ್ಚು ಹಾಕಿದರೆ, ಚಿತ್ರದ ‘ಬಿಳಿ’ ಭಾಗವೆಲ್ಲ ಕಾಗದದ ಬಣ್ಣವನ್ನೇ ತೋರಿಸುತ್ತದೆ. ಹಾಗಾಗಿ ಅಚ್ಚುಕೂಟದ ಅನುಭವವುಳ್ಳ ಹಿರಿಯರಿಗೆ ಬಿಳಿ ಮತ್ತು ಪಾರದರ್ಶಕ ಬೇರೆಬೇರೆಯಲ್ಲ, ಅವರ ಮಟ್ಟಿಗೆ ಅದು ಸರಿಯೂ ಹೌದು. ಪರದೆಯ ಮೇಲೆ ಮಾತ್ರ ಬಿಳಿ ಎಂದರೆ ಮೂರು ಬೆಳಕುಗಳೂ ಪೂರ್ಣವಾಗಿ ಉರಿಯುತ್ತಿರುವ ಸ್ಥಿತಿ, ಅಂದರೆ ಎಲ್ಲಕ್ಕಿಂತ ಪ್ರಖರವಾದ ಬಣ್ಣ. ‘ಹಿನ್ನೆಲೆ ಬಿಳಿ ಮಾಡಿದ್ದೇನೆ’ ಎಂದು ಕೊಟ್ಟ ಲಾಂಛನವನ್ನು ಕೆಂಪು ಫ್ಲೆಕ್ಸಿನ ಮೇಲೆ ಇಟ್ಟಾಗ ಸುತ್ತಲೂ ಬಿಳಿಯ ಚೌಕಟ್ಟು ಕಾಣಿಸಿಕೊಳ್ಳುವುದು ಈ ಎರಡು ಲೋಕಗಳ ಅರ್ಥಭೇದದಿಂದಲೇ. ಪಾರದರ್ಶಕತೆಯನ್ನು ಸೂಚಿಸಲು ತಂತ್ರಾಂಶಗಳು ಬಿಳಿಯ ಬದಲು ಬೂದು ಮತ್ತು ಬಿಳಿಯ ಚೌಕಳಿಯನ್ನು ತೋರಿಸುವುದೂ ಇದಕ್ಕಾಗಿಯೇ.

ಇನ್ನು ‘-ಗೊಳಿಸು’. ಸ್ಪಷ್ಟಗೊಳಿಸು, ಪೂರ್ಣಗೊಳಿಸು ಎಂಬಂತೆ ವ್ಯಾಕರಣದ ದೃಷ್ಟಿಯಿಂದ ಪಾರದರ್ಶಕಗೊಳಿಸು ತಪ್ಪಲ್ಲ. ಆದರೆ ಅದು ಮಾಡುವ ಕೆಲಸವನ್ನು ಹೇಳುವುದಿಲ್ಲ, ಕೆಲಸದ ಫಲವನ್ನಷ್ಟೇ ಹೇಳುತ್ತದೆ. ಇಲ್ಲಿಯ ಸ್ಟುಡಿಯೋ ಮತ್ತು ಡಿಟಿಪಿ ಅಂಗಡಿಗಳಲ್ಲಿ ಕೇಳಿಬರುವುದು ‘ಬ್ಯಾಕ್‌ಗ್ರೌಂಡ್ ತೆಗೆದು ಕೊಡಿ’, ‘ಕಟಿಂಗ್ ಮಾಡಿ’, ಇತ್ತೀಚೆಗೆ ‘ಪಿಎನ್‌ಜಿ ಮಾಡಿ ಕಳುಹಿಸಿ’. ಕಡತದ ಹೆಸರೇ ಕ್ರಿಯೆಯ ಹೆಸರಾದ ಈ ಕೊನೆಯ ಪ್ರಯೋಗ ಸ್ವಾರಸ್ಯವಾದುದಾದರೂ ಕಲಿಯುವವರ ದಾರಿ ತಪ್ಪಿಸುತ್ತದೆ. ಜೆಪೆಗ್‌ನಲ್ಲಿ ಆಲ್ಫಾಕ್ಕೆ ಜಾಗವಿಲ್ಲ, 1996ರಲ್ಲಿ ಬಂದ ಪಿಎನ್‌ಜಿಯಲ್ಲಿ ಇದೆ ಎಂಬುದು ನಿಜ, ಆದರೆ ಬಿಳಿ ಹಿನ್ನೆಲೆಯ ಚಿತ್ರವನ್ನು ಪಿಎನ್‌ಜಿಯಾಗಿ ಉಳಿಸಿದರೆ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ.

ಕ್ರಿಯೆಯನ್ನು ಸ್ಪಷ್ಟವಾಗಿ ಹೆಸರಿಸದಿದ್ದರೆ ಆಗುವ ನಷ್ಟ ಯಕ್ಷಗಾನದ ಚಿತ್ರಗಳಲ್ಲಿ ಎದ್ದು ಕಾಣುತ್ತದೆ. ಬಿಳಿ ಗೋಡೆಯ ಮುಂದೆ ನಿಂತ ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಚಿತ್ರವನ್ನು ಊಹಿಸಿಕೊಳ್ಳಿ. ಮುಖದ ಮೇಲೆ ಅಕ್ಕಿ ಹಿಟ್ಟು ಸುಣ್ಣಗಳ ಬಿಳಿಯ ಚುಟ್ಟಿಗಳ, ಅಂದರೆ ಉಬ್ಬಿದ ಚುಕ್ಕೆಗಳ, ಸಾಲು. ಗಿಂಪ್‌ನ ‘ಕಲರ್ ಟು ಆಲ್ಫಾ’ದಲ್ಲಿ ಬಿಳಿಯನ್ನು ಆಯ್ದರೆ ಗೋಡೆಯ ಜೊತೆಗೆ ಚುಟ್ಟಿಯೂ ಹೋಗುತ್ತದೆ, ಅಷ್ಟೇ ಅಲ್ಲ, ಬಿಳಿ ಬೆರೆತ ತೆಳುಬಣ್ಣಗಳೆಲ್ಲ ಅಷ್ಟಷ್ಟು ಪಾರದರ್ಶಕವಾಗುತ್ತವೆ. ‘ಮ್ಯಾಜಿಕ್ ವಾಂಡ್’ ರೀತಿಯ ಸಾಧನದಿಂದ ಗೋಡೆಯನ್ನು ಒತ್ತಿ, ಒಂದಕ್ಕೊಂದು ತಾಗಿಕೊಂಡಿರುವ ಬಿಳಿಯನ್ನು ಮಾತ್ರ ಆಯ್ದು ಅಳಿಸಿದರೆ ಚುಟ್ಟಿ ಉಳಿಯುತ್ತದೆ. ಮೊದಲನೆಯದು ಬಣ್ಣವೊಂದನ್ನು ಪಾರದರ್ಶಕಗೊಳಿಸುವುದು, ಎರಡನೆಯದು ಜಾಗವೊಂದನ್ನು ತೆಗೆಯುವುದು. ಇಂಥಲ್ಲಿ ‘ಬಿಳಿಯನ್ನು ಪಾರದರ್ಶಕಗೊಳಿಸು’ ಮತ್ತು ‘ಹಿನ್ನೆಲೆಯನ್ನು ತೆಗೆ’ ಎಂದು ಬೇರೆಬೇರೆ ಕ್ರಿಯಾಪದಗಳನ್ನು ಬಳಸುವುದು ಅಗತ್ಯವೆಂದು ನನಗೆ ದೃಢವಾಗಿ ಅನ್ನಿಸುತ್ತದೆ. ‘ತೆಗೆ’ ಅಂಗಡಿಯ ಮಾತು ಎಂದು ಕೆಲವರು ಹಿಂಜರಿಯುತ್ತಾರೆ; ಕೈಪಿಡಿಗೆ ಅದಕ್ಕಿಂತ ಒಳ್ಳೆಯ ಪದ ಸಿಗದು.

‘ಹಿನ್ನೆಲೆ’ಯ ವಿಷಯವನ್ನು ಚುಟುಕಾಗಿ ಹೇಳಬಹುದು. ಚಿತ್ರದಲ್ಲಿ ವ್ಯಕ್ತಿಯ ಹಿಂದೆ ಕಾಣುವುದಕ್ಕೂ, ಫೋಟೋಶಾಪ್‌ನಲ್ಲಿ ಚಿತ್ರ ತೆರೆದಾಗ ಬೀಗದ ಗುರುತಿನೊಂದಿಗೆ ಕಾಣುವ, ಪಾರದರ್ಶಕತೆಯನ್ನು ಒಪ್ಪದ ಅಡಿಯ ಪದರಕ್ಕೂ ಒಂದೇ ಹೆಸರಿದೆ. (ಪದರಗಳೆಂದರೆ ಒಂದರ ಮೇಲೊಂದು ಜೋಡಿಸಿದ ಹಾಳೆಗಳಂತೆ ಚಿತ್ರದ ಭಾಗಗಳನ್ನು ಬೇರೆಬೇರೆಯಾಗಿ ಇಡುವ ವ್ಯವಸ್ಥೆ.) ಆ ಪದರದಲ್ಲಿ ಅಳಿಸಿದರೆ ಚೌಕಳಿಯ ಬದಲು ಇನ್ನೊಂದು ಬಣ್ಣ ಬರುತ್ತದೆ. ಮೊದಲು ಅದನ್ನು ಸಾಮಾನ್ಯ ಪದರವಾಗಿ ಬದಲಾಯಿಸಬೇಕು. ‘ಹಿನ್ನೆಲೆಯ ಬೀಗ ತೆಗೆದು ಹಿನ್ನೆಲೆಯನ್ನು ತೆಗೆಯಿರಿ’ ಎಂದು ಬರೆದರೆ ಯಾರಿಗೂ ಅರ್ಥವಾಗದು. ಪದರಕ್ಕೆ ‘ತಳಪದರ’ ಎಂದು, ಕಾಣುವ ದೃಶ್ಯಕ್ಕೆ ಮಾತ್ರ ‘ಹಿನ್ನೆಲೆ’ ಎಂದು ಕೈಪಿಡಿಯಲ್ಲಿ ಬರೆದಿದ್ದೇನೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ‘ಅಪಾರದರ್ಶಕತೆ’. ಪದರವೊಂದು ತನ್ನ ಕೆಳಗಿನದನ್ನು ಎಷ್ಟರಮಟ್ಟಿಗೆ ಮುಚ್ಚಬೇಕೆಂದು ನಿರ್ಧರಿಸುವ, 0ಯಿಂದ 100ರವರೆಗೆ ಜಾರಿಸುವ ಗುಂಡಿಗೆ ಈ ಹೆಸರನ್ನು ಕೊಡಲಾಗುತ್ತಿದೆ. ಇಲ್ಲದಿರುವಿಕೆಯನ್ನು ಹೇಳುವ ಪದವನ್ನು ಅಳತೆಯ ಹೆಸರಾಗಿಸಿದ್ದರಿಂದ ‘ಅಪಾರದರ್ಶಕತೆಯನ್ನು 30ಕ್ಕೆ ಇಳಿಸಿ’ ಎಂಬ ಸೂಚನೆಯನ್ನು ಓದುವವರು ಮನಸ್ಸಿನಲ್ಲಿ ಎರಡು ಬಾರಿ ತಿರುಗಿಸಿಕೊಳ್ಳಬೇಕಾಗುತ್ತದೆ. ಬಾಯಿಮಾತಿನಲ್ಲಿ ಮೊದಲ ‘ಅ’ ಕೇಳದಿದ್ದರೆ ಅರ್ಥ ತಲೆಕೆಳಗಾಗುತ್ತದೆ. ‘ಅಪಾರ’ ಎಂಬ ಬಳಕೆಯ ಪದ ಮುಂದೆ ನಿಲ್ಲುವುದರಿಂದ ಅಪಾರವಾಗಿ ಕಾಣಿಸುವುದು ಎಂದು ಬಿಡಿಸಿಕೊಳ್ಳಲೂ ಅವಕಾಶವಿದೆ. ‘ಗಾಢತೆ’ ಎಂದರೆ ಬಣ್ಣದ ಕಡುಪು ನೆನಪಾಗುತ್ತದೆ, ‘ದಟ್ಟಣೆ’ ಈಗ ವಾಹನಗಳ ಪಾಲಾಗಿದೆ. ನನಗೆ ಹೊಳೆದದ್ದು ‘ಮರೆ’. ಬಾಗಿಲ ಮರೆ, ಎಲೆಮರೆ ಎನ್ನುವಾಗ ಒಂದು ಇನ್ನೊಂದನ್ನು ನೋಟದಿಂದ ತಡೆಯುವುದೇ ಅದರ ಅರ್ಥ, ಆಲ್ಫಾ ಅಳೆಯುವುದೂ ಅದನ್ನೇ. ‘ಮರೆಯ ಪ್ರಮಾಣವನ್ನು 30ಕ್ಕೆ ಇಳಿಸಿ’ ಎಂದರೆ ಕೆಳಗಿನದು ಹೆಚ್ಚು ಕಾಣುತ್ತದೆಂಬುದು ತಾನಾಗಿ ತಿಳಿಯುತ್ತದೆ. ಆದರೆ ‘ಮರೆಯಾಗು’ ಎಂದರೆ ಕಾಣದಂತಾಗು ಎಂದಿರುವುದರಿಂದ, ಮರೆ ಹೆಚ್ಚಿದಷ್ಟೂ ಆ ಪದರವೇ ಕಾಣದಾಗುತ್ತದೆ ಎಂದು ಯಾರಾದರೂ ತಿಳಿದಾರೇ ಎಂಬ ಆತಂಕವೂ ಇದೆ.

ಇದಕ್ಕೆ ಅಂಟಿಕೊಂಡೇ ‘ಅರೆಪಾರದರ್ಶಕ’ದ ಪ್ರಶ್ನೆ ಬರುತ್ತದೆ. ಶಾಲೆಯ ಪಾಠದ ಅರೆಪಾರದರ್ಶಕ ವಸ್ತು ಎಣ್ಣೆ ಸವರಿದ ಕಾಗದ, ಉಜ್ಜಿದ ಗಾಜು. ಬೆಳಕು ಚದುರಿ ಬರುವುದರಿಂದ ಆಚೆಯ ಆಕಾರ ಸ್ಪಷ್ಟವಾಗಿ ಕಾಣದು. ಆಲ್ಫಾ 128 ಇರುವ ಪಿಕ್ಸೆಲ್ ಬೆಳಕನ್ನು ಚದುರಿಸುವುದಿಲ್ಲ. ಕೆಳಗಿನ ಚಿತ್ರದ ಗೆರೆಗಳೆಲ್ಲ ಸ್ಫುಟವಾಗಿಯೇ ಇದ್ದು, ಮೇಲಿನ ಬಣ್ಣದೊಂದಿಗೆ ಸುಮಾರು ಅರ್ಧಕ್ಕರ್ಧ ಬೆರೆತು ಕಾಣುತ್ತವೆ. ಕಿರೀಟದ ಅಂಚಿನಲ್ಲಿ, ಹಾರುವ ಕೂದಲಿನ ತುದಿಯಲ್ಲಿ ಇಂಥ ನಡುವಣ ಆಲ್ಫಾ ಇರಲೇಬೇಕು. ಒಂದೊಂದು ಪಿಕ್ಸೆಲ್ ಪೂರ್ತಿ ಇರುವ ಅಥವಾ ಪೂರ್ತಿ ಇಲ್ಲದಿರುವ ಎರಡೇ ಸ್ಥಿತಿಗಳನ್ನು ಬಲ್ಲ ಜಿಫ್ ಕಡತದಲ್ಲಿ ಅಂಚು ಹಲ್ಲುಹಲ್ಲಾಗುವುದು ಅದಿಲ್ಲದ್ದರಿಂದಲೇ. ಆದ್ದರಿಂದ ಮಂಜುಗಾಜಿನಂತೆ ಮಸುಕಾಗಿಸುವ ಪರಿಣಾಮಕ್ಕೆ ‘ಅರೆಪಾರದರ್ಶಕ’ವನ್ನು ಬಿಟ್ಟುಕೊಟ್ಟು, ನಡುವಣ ಆಲ್ಫಾಕ್ಕೆ ‘ಭಾಗಶಃ ಪಾರದರ್ಶಕ’ ಎನ್ನುವುದು ಲೇಸೆಂದು ನನ್ನ ಅಭಿಪ್ರಾಯ.

ಬಲ್ಲವರಲ್ಲಿ ಕೇಳಬೇಕಾದದ್ದು ಇಷ್ಟು. ತಡೆಯುವ ಪ್ರಮಾಣವನ್ನು ಹೇಳಲು ‘ಮರೆ’ಯನ್ನು ಹೀಗೆ ಅಳತೆಯ ಹೆಸರಾಗಿ ಬಳಸಿದ ಉದಾಹರಣೆ ಹಳೆಯ ಅಥವಾ ಹೊಸ ಬರಹಗಳಲ್ಲಿ ನಿಮ್ಮ ಕಣ್ಣಿಗೆ ಬಿದ್ದಿದೆಯೇ? ‘ಮರೆಯಾಗು’ವಿನ ಅಡ್ಡಿಯನ್ನು ದಾಟಬಲ್ಲ, ಇದಕ್ಕಿಂತ ಹೊಂದುವ ಪದವುಂಟೇ? ನೇಯ್ಗೆ, ಬಣ್ಣಗಾರಿಕೆ, ಪ್ರಸಾಧನದ ಕಸುಬಿನವರು ಒಂದು ಬಣ್ಣ ಇನ್ನೊಂದನ್ನು ಎಷ್ಟು ಮುಚ್ಚುತ್ತದೆ ಎಂಬುದಕ್ಕೆ ತಮ್ಮೊಳಗೆ ಏನೆನ್ನುತ್ತಾರೆ ಎಂಬುದನ್ನು ಬಲ್ಲವರು ತಿಳಿಸಿದರೆ, ಕೈಪಿಡಿಯನ್ನು ಅಚ್ಚಿಗೆ ಕೊಡುವ ಮೊದಲು ತಿದ್ದಿಕೊಳ್ಳುತ್ತೇನೆ.